ಮುಂದಾಳಿಲ್ಲದೆ ಮೊದಲಾದ ಕ್ರಾಂತಿ

ಇತಿಹಾಸದಲ್ಲಿ ಮಹತ್ಕಾರ್ಯವೊಂದು ಕಣ್ಣಿಗೆ ಬಿದ್ದೊಡನೆ ಅದರ ಹಿಂದೆ ನಿಂತ ಮಹಾಪುರುಷನೊಬ್ಬನನ್ನು ಅರಸುವುದು ಓದುಗರಾದ ನಮಗೆಲ್ಲ ಬಹುಕಾಲದಿಂದ ಬಂದ ಅಭ್ಯಾಸ. ಅಮೆರಿಕದ ಸ್ವಾತಂತ್ರ್ಯಸಮರವೆಂದರೆ ವಾಷಿಂಗ್ಟನ್, ಇಟಲಿಯ ಏಕೀಕರಣವೆಂದರೆ ಗ್ಯಾರಿಬಾಲ್ಡಿ, ಚೀನದ ಕ್ರಾಂತಿಯೆಂದರೆ ಮಾವೋ ಎಂದು ಪಾಠಪುಸ್ತಕಗಳು ನಮಗೆ ಕಲಿಸಿರುವುದರಿಂದ, ಮುಂದಾಳಿನ ಹೆಸರೇ ಇಲ್ಲದ ಕ್ರಾಂತಿಯೊಂದು ಎದುರಾದಾಗ ನಾವು ಅದನ್ನು ದೈವಲೀಲೆಯೆಂದು ಬಗೆಯುತ್ತೇವೆ, ಇಲ್ಲವೆ ತೆರೆಯ ಮರೆಯಲ್ಲಿ ಯಾರೋ ಸೂತ್ರ ಹಿಡಿದಿದ್ದರೆಂದು ಶಂಕಿಸುತ್ತೇವೆ. ಈ ಎರಡು ಭಾವನೆಗಳೂ ಸತ್ಯಕ್ಕೆ ದೂರವೆಂಬುದನ್ನು 1917ರ ಫೆಬ್ರವರಿಯಲ್ಲಿ ರಷ್ಯದ ರಾಜಧಾನಿ ಪೆಟ್ರೊಗ್ರಾಡಿನಲ್ಲಿ ನಡೆದ ಸಂಗತಿಗಳಷ್ಟು ಚೆನ್ನಾಗಿ ತೋರಿಸಿಕೊಡುವ ನಿದರ್ಶನವು ಬೇರೊಂದಿಲ್ಲವೆಂದು ನನ್ನ ಎಣಿಕೆ.

ಮುನ್ನೂರು ವರ್ಷಗಳಿಗೂ ಮಿಗಿಲಾಗಿ ಆಳಿದ್ದ ರೊಮಾನೊವ್ ರಾಜವಂಶವು ಆಗ ಎಂಟೇ ದಿನಗಳಲ್ಲಿ ಉರುಳಿಬಿದ್ದಿತು. ಅದನ್ನು ಉರುಳಿಸಬೇಕೆಂದು ಬಾಳನ್ನೇ ಮುಡಿಪಾಗಿಟ್ಟಿದ್ದ ಪ್ರಸಿದ್ಧ ಕ್ರಾಂತಿಕಾರರಲ್ಲಿ ಹೆಚ್ಚಿನವರು ಆ ಹೊತ್ತಿನಲ್ಲಿ ಊರಿನಲ್ಲಿರಲಿಲ್ಲ. ಲೆನಿನ್ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿದ್ದನು. ತನ್ನಂಥ ಹಿರಿಯ ತಲೆಮಾರಿನವರು ಬರಲಿರುವ ಕ್ರಾಂತಿಯ ನಿರ್ಣಾಯಕ ಸಮರಗಳನ್ನು ಕಾಣಲು ಪ್ರಾಯಶಃ ಬದುಕಿರಲಾರರೆಂದು ಆ ವರ್ಷದ ಜನವರಿಯಲ್ಲಿಯೇ ಅಲ್ಲಿನ ತರುಣ ಕಾರ್ಮಿಕರ ಸಭೆಯಲ್ಲಿ ಆತನು ನುಡಿದಿದ್ದನು. ಟ್ರಾಟ್‌ಸ್ಕಿ ನ್ಯೂಯಾರ್ಕಿನಲ್ಲಿದ್ದನು. ಮಾರ್ತೊವ್ ಸ್ವಿಟ್ಸರ್ಲೆಂಡಿನಲ್ಲಿ, ಸ್ಟಾಲಿನ್, ಕಾಮೆನೆವ್ ಮತ್ತು ತ್ಸೆರೆತೆಲಿ ಸೈಬೀರಿಯದ ಗಡೀಪಾರಿನಲ್ಲಿ ದಿನ ನೂಕುತ್ತಿದ್ದರು. ಕ್ರಾಂತಿಯ ಸುದ್ದಿಯನ್ನು ಇವರೆಲ್ಲರೂ ನಮ್ಮ ನಿಮ್ಮಂತೆ ವೃತ್ತಪತ್ರಿಕೆಗಳಿಂದಲೂ ತಂತಿವಾರ್ತೆಗಳಿಂದಲೂ ತಿಳಿದುಕೊಂಡರು.

ಇವರು ಊರಿನಲ್ಲಿ ಇಲ್ಲದುದು ಆಕಸ್ಮಿಕವಲ್ಲ. ಅದು ರಾಜ್ಯಾಧಿಕಾರವು ಹಲವು ವರ್ಷಗಳ ಶ್ರಮದಿಂದ ಸಾಧಿಸಿಕೊಂಡ ಫಲವಾಗಿದ್ದಿತು. ಒಖ್ರಾನಾ ಎಂಬ ಹೆಸರಿನ ತ್ಸಾರನ ಗುಪ್ತ ಪೊಲೀಸು ವ್ಯವಸ್ಥೆಯು ಅಂದಿನ ಯೂರೋಪಿನಲ್ಲಿಯೇ ಅತ್ಯಂತ ನಿಪುಣವೆನಿಸಿಕೊಂಡುದು. ಲೆನಿನ್ನನ ಬಾಲ್ಷೆವಿಕ್ ಪಕ್ಷದ ಪರವಾಗಿ ಡೂಮಾ ಎಂಬ ಪ್ರತಿನಿಧಿಸಭೆಯಲ್ಲಿ ಕುಳಿತು ವೀರಾವೇಶದ ಭಾಷಣಗಳನ್ನು ಮಾಡುತ್ತಿದ್ದ, ಲೆನಿನ್ನನ ಪೂರ್ಣ ವಿಶ್ವಾಸಕ್ಕೆ ಪಾತ್ರನಾಗಿದ್ದ ಮಾಲಿನೊವ್‌ಸ್ಕಿಯು ಪೊಲೀಸರಿಂದ ಸಂಬಳ ಪಡೆಯುತ್ತಿದ್ದ ಗೂಢಚಾರನಾಗಿದ್ದನೆಂದ ಮೇಲೆ ಅದರ ನೈಪುಣ್ಯಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. 1917ರ ಜನವರಿಯ ಕೊನೆಯಲ್ಲಿ, ಯುದ್ಧೋದ್ಯಮ ಸಮಿತಿಯೊಳಗಿನ ಕಾರ್ಮಿಕ ಪ್ರತಿನಿಧಿಗಳನ್ನು, ಎಂದರೆ ಆಗ ನಡೆಯುತ್ತಿದ್ದ ಮೊದಲನೆಯ ಮಹಾಯುದ್ಧವನ್ನು ಬೆಂಬಲಿಸಿ ಕಾನೂನಿನ ಚೌಕಟ್ಟಿನಲ್ಲಿಯೇ ಕೆಲಸ ಮಾಡುತ್ತಿದ್ದ ಸೌಮ್ಯವಾದಿಗಳನ್ನು ಕೂಡ ಸರ್ಕಾರವು ಸೆರೆಗೆ ತಳ್ಳಿತು. ಹೀಗೆ ತಲೆಯೆತ್ತಿದವರನ್ನೆಲ್ಲ ಸವರಿಹಾಕಿದ ಮೇಲೆ, ತಲೆಯೆತ್ತಿ ಮಾತಾಡಬಲ್ಲವರೂ ಮಾತಿಗೆ ಕರೆಯಬಹುದಾದವರೂ ನಗರದಲ್ಲಿ ಹೆಚ್ಚಾಗಿ ಉಳಿಯಲಿಲ್ಲ. ಅಸಂತೋಷ ಮಾತ್ರ ಉಳಿಯಿತು. ಗರಿಕೆಯ ಮೇಲ್ಭಾಗವನ್ನು ಎಷ್ಟು ಸಲ ಕೊಯ್ದರೂ ನೆಲದೊಳಗೆ ಅದು ಗೆಣ್ಣಿನಿಂದ ಗೆಣ್ಣಿಗೆ ಹಬ್ಬುತ್ತಲೇ ಹೋಗುವುದನ್ನು ನಮ್ಮ ರೈತರು ಬಲ್ಲರು.

ಆ ಅಸಂತೋಷವನ್ನು ಪೊಲೀಸರು ಕಾಣದೆಯೇ ಇದ್ದರೆಂದು ಹೇಳಿದರೆ ಅನ್ಯಾಯವಾದೀತು. ಆ ಚಳಿಗಾಲದಲ್ಲಿ ಒಖ್ರಾನಾದ ಅಧಿಕಾರಿಗಳು ಮೇಲಿನವರಿಗೆ ಕಳುಹಿಸಿದ ವರದಿಗಳಲ್ಲಿ, ರೊಟ್ಟಿಯಂಗಡಿಗಳ ಮುಂದಿನ ಸರದಿಯಲ್ಲಿ ಗಂಟೆಗಟ್ಟಲೆ ನಿಂತು ಬಸವಳಿದ, ಅರೆಹೊಟ್ಟೆಯ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದ ತಾಯಂದಿರು ಡೂಮಾದ ವಾಗ್ಮಿಗಳಿಗಿಂತ ಕ್ರಾಂತಿಗೆ ಹೆಚ್ಚು ಸಮೀಪದಲ್ಲಿದ್ದಾರೆಂಬ ಅಭಿಪ್ರಾಯವು ಸ್ಪಷ್ಟವಾಗಿಯೇ ಬಂದಿದೆ. ರೋಗವು ತಿಳಿದಿದ್ದಿತು, ಆದರೆ ಪೊಲೀಸು ವ್ಯವಸ್ಥೆಗೆ ಗೊತ್ತಿದ್ದ ಚಿಕಿತ್ಸೆಯೆಂದರೆ ವ್ಯಕ್ತಿಯನ್ನು ಗುರುತಿಸಿ ಬಂಧಿಸುವುದೊಂದೇ. ರೊಟ್ಟಿಗಾಗಿ ನಿಂತ ಸರದಿಯಲ್ಲಿ ಬಂಧಿಸಬೇಕಾದವಳು ಯಾವಳು? ಮೊದಲನೆಯವಳೆ, ಕಡೆಯವಳೆ?

ಆ ನಗರದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಯುದ್ಧದ ಮೂರನೆಯ ಚಳಿಗಾಲವದು. ಇಪ್ಪತ್ತು ಲಕ್ಷಕ್ಕೂ ಮಿಗಿಲಾದ ಜನಸಂಖ್ಯೆಯ ಪೆಟ್ರೊಗ್ರಾಡಿನಲ್ಲಿ ಸುಮಾರು ನಾಲ್ಕು ಲಕ್ಷ ಮಂದಿ ಕಾರ್ಖಾನೆಯ ಕೆಲಸಗಾರರಿದ್ದರು. ಹಿಟ್ಟು ಸಂಪೂರ್ಣವಾಗಿ ಮುಗಿದುಹೋಗಿದ್ದಿತೆಂದಲ್ಲ. ಹಿಮದಲ್ಲಿ ಸಿಕ್ಕಿಬಿದ್ದ ರೈಲುಗಳು ಧಾನ್ಯವನ್ನೂ ಸೌದೆಯನ್ನೂ ಹೊತ್ತಿಗೆ ಸರಿಯಾಗಿ ತರುತ್ತಿರಲಿಲ್ಲ, ಉರುವಲಿಲ್ಲದೆ ಒಲೆಗಳು ಆರುತ್ತಿದ್ದುವು, ಮಾರ್ಚ್ 1ರಿಂದ ಪಡಿತರ ಬರುವುದೆಂಬ ಸುದ್ದಿ ಹಬ್ಬಿದೊಡನೆ ಜನರು ಅಂಗಡಿಗಳಿಗೆ ಮುಗಿಬಿದ್ದರು. ಜವಳಿ ಗಿರಣಿಗಳಲ್ಲಿ ಹಗಲೆಲ್ಲ ದುಡಿದ ಹೆಂಗಸರು ಅನಂತರ ಮಂಜಿನಲ್ಲಿ ಸರದಿ ನಿಂತು ಕಡೆಗೆ ಬರಿಗೈಯಲ್ಲಿ ಮನೆಗೆ ಮರಳುತ್ತಿದ್ದರು. ಅವರಲ್ಲಿ ಅನೇಕರ ಗಂಡಂದಿರು ರಣರಂಗದಲ್ಲಿದ್ದರು. ನಗರದ ಸೈನಿಕ ಬಿಡಾರಗಳಲ್ಲಿಯಾದರೋ ಅನುಭವಿ ಯೋಧರು ಹೆಚ್ಚಾಗಿರಲಿಲ್ಲ. ಅವರಲ್ಲಿ ಅನೇಕರು ಯುದ್ಧದಲ್ಲಿ ಮಡಿದಿದ್ದರು; ಹೊಸದಾಗಿ ಭರ್ತಿಯಾದ ರೈತರೂ, ವಯಸ್ಸು ಮೀರಿದ ಸಂಸಾರಿಗಳೂ, ಮುಷ್ಕರ ಹೂಡಿದ ತಪ್ಪಿಗೆ ದಂಡನೆಯಾಗಿ ಸೇನೆಗೆ ಸೇರಿಸಲ್ಪಟ್ಟ ಕೆಲಸಗಾರರೂ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಅಲ್ಲಿ ಇಕ್ಕಟ್ಟಿನಲ್ಲಿ ತುಂಬಿಕೊಂಡಿದ್ದರು. ತ್ಸಾರನು ಸಿಂಹಾಸನದ ರಕ್ಷಣೆಗೆಂದು ನೆಚ್ಚಿಕೊಂಡಿದ್ದ ಸೈನ್ಯವು ಇದು.

ಅಂದಿನ ರಷ್ಯದ ಕಾಲಗಣನೆಯು ನಮ್ಮದಕ್ಕಿಂತ 13 ದಿನ ಹಿಂದೆ ಉಳಿದಿದ್ದಿತು. ಇಲ್ಲಿ ಹಳೆಯ ತೇದಿಗಳನ್ನೇ ಬಳಸಿದ್ದೇನೆ. ಫೆಬ್ರವರಿ 22ರಂದು ಪುತಿಲೊವ್ ಎಂಬ ಬೃಹತ್ ಕಾರ್ಖಾನೆಯ ಆಡಳಿತವು ಬಾಗಿಲು ಹಾಕಿ ಸಾವಿರಾರು ಕೆಲಸಗಾರರನ್ನು ಹೊರಗಟ್ಟಿತು; ಅದೇ ದಿನ ತ್ಸಾರ್ ನಿಕೊಲಾಸನು ಮೊಗಿಲೆವ್ ಊರಿನ ಸೇನಾ ಪ್ರಧಾನ ಠಾಣ್ಯಕ್ಕೆ ಪ್ರಯಾಣ ಮಾಡಿದನು. ಮರುದಿನ 23ನೆಯ ತಾರೀಖು, ನಮ್ಮ ಗಣನೆಯಲ್ಲಿ ಮಾರ್ಚ್ 8, ಸಮಾಜವಾದಿಗಳು ಆಚರಿಸುತ್ತಿದ್ದ ಮಹಿಳಾ ದಿನ. ಆ ದಿನ ಮುಷ್ಕರವಾಗಬೇಕೆಂದು ಯಾವ ಪಕ್ಷವೂ ಬಯಸಿರಲಿಲ್ಲ. ವೈಬರ್ಗ್ ಬಡಾವಣೆಯ ಬಾಲ್ಷೆವಿಕ್ ಕಾರ್ಯಕರ್ತ ಕಯುರೊವ್‌ನು ಹಿಂದಿನ ಸಂಜೆ ಕೆಲಸಗಾರ್ತಿಯರ ಸಭೆಗೆ ಹೋಗಿ, ದುಡುಕಬಾರದು, ಪಕ್ಷದ ಸೂಚನೆಗಾಗಿ ಕಾಯಬೇಕು ಎಂದು ತಾನು ಬುದ್ಧಿ ಹೇಳಿ ಬಂದುದನ್ನೂ, ಬೆಳಗಾಗುವಷ್ಟರಲ್ಲಿ ಗಿರಣಿಗಳ ಹೆಂಗಸರು ಆ ಮಾತನ್ನು ಬದಿಗಿಟ್ಟು ಬೀದಿಗಿಳಿದುದನ್ನು ಕಂಡು ತನಗೆ ಸಿಟ್ಟು ಬಂದುದನ್ನೂ ತಾನೇ ಬರೆದಿಟ್ಟಿದ್ದಾನೆ. ಆ ಬರಹದ ಪ್ರಾಮಾಣಿಕತೆಗಾಗಿ ನಾನು ಆತನನ್ನು ಗೌರವಿಸುತ್ತೇನೆ.

ಹೆಂಗಸರು ಸುಮ್ಮನೆ ಬೀದಿಯಲ್ಲಿ ನಿಲ್ಲಲಿಲ್ಲ. ಪಕ್ಕದ ಲೋಹದ ಕಾರ್ಖಾನೆಗಳ ಮುಂದೆ ಗುಂಪುಗೂಡಿ, ಕಿಟಕಿಗಳಿಗೆ ಮಂಜಿನ ಮುದ್ದೆಗಳನ್ನು ಎಸೆದು, ಹೊರಗೆ ಬನ್ನಿರೆಂದು ಗಂಡಸರನ್ನು ಕೂಗಿ ಕರೆದರು. ಆ ಲೋಹಕಾರ್ಮಿಕರು ಹೋರಾಟದಲ್ಲಿ ನುರಿತವರು. ತ್ಸಾರನ ಸೈನಿಕರು ಕಾರ್ಮಿಕರ ಮೆರವಣಿಗೆಯ ಮೇಲೆ ಗುಂಡು ಹಾರಿಸಿದ 1905ರ ರಕ್ತಸಿಕ್ತ ಭಾನುವಾರವನ್ನು ಕಣ್ಣಾರೆ ಕಂಡವರು ಅವರಲ್ಲಿ ಎಷ್ಟೋ ಮಂದಿ ಇದ್ದರು, ಆ ದಿನದ ವಾರ್ಷಿಕ ಸ್ಮರಣೆಗಾಗಿ ಜನವರಿಯಲ್ಲಷ್ಟೇ ಲಕ್ಷಕ್ಕೂ ಹೆಚ್ಚು ಮಂದಿ ಕೆಲಸ ನಿಲ್ಲಿಸಿದ್ದರು. ಅಂದು ಸಂಜೆಯ ಹೊತ್ತಿಗೆ ಸುಮಾರು 90,000 ಮಂದಿ, ಮರುದಿನ ಸುಮಾರು ಎರಡು ಲಕ್ಷ, ಮೂರನೆಯ ದಿನ ಹತ್ತಿರ ಹತ್ತಿರ ಮೂರು ಲಕ್ಷ ಮಂದಿ ಮುಷ್ಕರದಲ್ಲಿದ್ದರು. ಪೊಲೀಸರು ನೆವಾ ನದಿಯ ಸೇತುವೆಗಳನ್ನು ತಡೆಗಟ್ಟಿದರೆ ಜನರು ಹೆಪ್ಪುಗಟ್ಟಿದ ನದಿಯ ಮೇಲೆಯೇ ನಡೆದು ನಗರದ ಮಧ್ಯಕ್ಕೆ ಬಂದರು.

ಒಂದು ಕೂಗಿಗೆ ಮೂರು ಲಕ್ಷ ಜನ ಸೇರಿದ ಬಗೆ ಹೇಗೆ? ಹಸಿವು ಹಿಂದಿನ ವಾರವೂ ಇದ್ದಿತು. ದ್ವೇಷವು ಹಿಂದಿನ ವರ್ಷವೂ ಇದ್ದಿತು. ಈ ಪ್ರಶ್ನೆಗೆ ನನಗೆ ದೊರೆತಿರುವ ಉತ್ತರಗಳಲ್ಲಿ ಹೆಚ್ಚು ಬೆಳಕು ಕೊಟ್ಟುದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ. ಒಂದು ಚೌಕದಲ್ಲಿ 100 ಮಂದಿ ಸೇರಿದ್ದಾರೆಂದು ಭಾವಿಸಿಕೊಳ್ಳೋಣ. ಅವರಲ್ಲಿ ಒಬ್ಬನು ಯಾರ ಜೊತೆಯನ್ನೂ ಬಯಸದೆ ತಾನಾಗಿಯೇ ದಂಗೆಗೆ ತೊಡಗುವವನು. ಇನ್ನೊಬ್ಬನು ಒಬ್ಬನಾದರೂ ತೊಡಗಿದುದನ್ನು ಕಂಡರೆ ತೊಡಗುವವನು. ಮೂರನೆಯವನಿಗೆ ಇಬ್ಬರನ್ನು ಕಂಡ ಧೈರ್ಯ ಬೇಕು. ಹೀಗೆಯೇ ಸಾಗಿ, ನೂರನೆಯ ಪುಕ್ಕಲನಿಗೆ ಉಳಿದ 99 ಮಂದಿಯೂ ಮುಂದಾದುದನ್ನು ಕಂಡಲ್ಲದೆ ಧೈರ್ಯ ಬಾರದು. ಇಂಥ ಗುಂಪಿನಲ್ಲಿ ಮೊದಲನೆಯವನು ಕೈಯೆತ್ತಿದೊಡನೆ ನೂರು ಮಂದಿಯೂ ಒಬ್ಬರ ಹಿಂದೊಬ್ಬರು ಎದ್ದುಬಿಡುತ್ತಾರೆ. ಈಗ ಎರಡನೆಯವನ ಸ್ವಭಾವವನ್ನು ಮಾತ್ರ ಎಳ್ಳಷ್ಟು ಬದಲಿಸಿ, ಆತನಿಗೆ ಒಬ್ಬನ ಬದಲು ಇಬ್ಬರ ಜೊತೆ ಬೇಕೆಂದು ಇಟ್ಟುಕೊಂಡರೆ, ಮೊದಲನೆಯವನು ಒಂಟಿಯಾಗಿ ಕೂಗಾಡಿ ಪೊಲೀಸರ ಕೈಗೆ ಸಿಕ್ಕಿಬೀಳುತ್ತಾನೆ, ಉಳಿದವರು ತಮ್ಮ ಪಾಡಿಗೆ ಮನೆಗೆ ಹೋಗುತ್ತಾರೆ. ಹೊರಗಿನಿಂದ ನೋಡಿದವನಿಗೆ ಎರಡು ಗುಂಪುಗಳಲ್ಲಿಯೂ ಯಾವ ವ್ಯತ್ಯಾಸವೂ ಕಾಣದು. ಆದರೆ ಒಂದರಿಂದ ಕ್ರಾಂತಿ ಹುಟ್ಟಿತು, ಇನ್ನೊಂದರಿಂದ ಒಬ್ಬ ಕೈದಿ ಹುಟ್ಟಿದನು.

ನಿರಂಕುಶ ಪ್ರಭುತ್ವದಲ್ಲಿ ಪ್ರತಿಯೊಬ್ಬನೂ ತನ್ನ ಮನಸ್ಸನ್ನು ಬಚ್ಚಿಟ್ಟುಕೊಂಡೇ ಬದುಕುವುದರಿಂದ ನೆರೆಯವನ ಧೈರ್ಯದ ಅಳತೆ ಯಾರಿಗೂ ತಿಳಿಯದು ಎಂಬ ಅಂಶವನ್ನು ಅರ್ಥಶಾಸ್ತ್ರಜ್ಞ ತಿಮೂರ್ ಕುರಾನ್ ಇದಕ್ಕೆ ಕೂಡಿಸಿದರು. ಸಭೆಯಲ್ಲಿ ಜಯಕಾರ ಹಾಕಿ ಮನೆಯೊಳಗೆ ಶಪಿಸುವ ಜನರ ನಡುವೆ ಪ್ರತಿಯೊಬ್ಬನೂ ತಾನೊಬ್ಬನೇ ಹೀಗೆ ಎಂದುಕೊಂಡಿರುತ್ತಾನೆ. ಆದುದರಿಂದ ಕ್ರಾಂತಿಯು ಆಳುವವರನ್ನು ಬೆಚ್ಚಿಬೀಳಿಸುವಂತೆಯೇ ಅದನ್ನು ಮಾಡುವವರನ್ನೂ ಬೆಚ್ಚಿಬೀಳಿಸುತ್ತದೆ. ಹಿಂದಿನ ಸಂಜೆ ಕಯುರೊವ್‌ನಂಥ ಅನುಭವಿಗೂ ಅದರ ಸುಳಿವು ಸಿಗದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ನಾಯಕನಾದವನು ಜನರ ಮನಸ್ಸನ್ನು ಅಳೆದು, ಅಪಾಯವನ್ನು ತೂಗಿ, ಸೋತರೆ ತನ್ನ ಸಂಘಟನೆಯು ನಾಶವಾದೀತೆಂದು ಹೆದರುತ್ತಾನೆ. ಇದು ಅವನ ಹೊಣೆಗಾರಿಕೆಯ ಲಕ್ಷಣ, ಅದನ್ನು ಹೇಡಿತನವೆನ್ನಲಾಗದು. ಆದರೆ ಬಚ್ಚಿಟ್ಟ ಮನಸ್ಸುಗಳ ನಾಡಿನಲ್ಲಿ ಅವನ ಅಳತೆಗೋಲು ಸುಳ್ಳಾಗುತ್ತದೆ. ಸಂಘಟನೆಯ ಹೊಣೆಯಿಲ್ಲದ, ಮಗುವಿಗೆ ಇಂದಿನ ರೊಟ್ಟಿ ಬೇಕಾದ ತಾಯಿಯು ಆ ಲೆಕ್ಕವನ್ನು ಹಾಕುವುದಿಲ್ಲ. ಇಂಥ ಕ್ರಾಂತಿಗಳಲ್ಲಿ ಮೊದಲ ಹೆಜ್ಜೆಯು ನಾಯಕರಲ್ಲದವರಿಂದ ಬರುವುದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ.

ಎದುರು ಪಕ್ಷದಲ್ಲಿಯೂ ಇದೇ ಲೆಕ್ಕ ನಡೆಯುತ್ತಿದ್ದಿತು. ಗುಂಪನ್ನು ಚದರಿಸಬೇಕಾಗಿದ್ದ ಕೊಸಾಕ್ ರಾವುತರು ಮೊದಲ ದಿನಗಳಲ್ಲಿ ಜನರ ನಡುವೆ ಕುದುರೆಗಳನ್ನು ಮೆಲ್ಲನೆ ನಡೆಸಿಕೊಂಡು ಹೋದರೇ ಹೊರತು ಚಾವಟಿಯನ್ನು ಬೀಸಲಿಲ್ಲ. ಅಪ್ಪಣೆಯನ್ನು ಮೀರಿದರೆಂದೂ ಹೇಳಲಾಗದ, ಪಾಲಿಸಿದರೆಂದೂ ಹೇಳಲಾಗದ ಆ ನಡತೆಯಿಂದ ಜನರಿಗೆ ಭಾಷಣಗಳು ಕೊಡಲಾರದ ಧೈರ್ಯ ಬಂದಿತು. ಹೀಗೆ ಕಂಡೂ ಕಾಣದಂತಿರುವ ಅವಕಾಶವು ಇನ್ನೂ ಕೆಲವು ದಿನ ಉಳಿದಿದ್ದರೆ ಏನಾಗುತ್ತಿದ್ದಿತೋ! ಆದರೆ 25ರ ಸಂಜೆ ತ್ಸಾರನು ದೂರದ ಮೊಗಿಲೆವಿನಿಂದ ನಗರದ ಸೇನಾಧಿಪತಿ ಜನರಲ್ ಖಬಾಲೊವ್‌ನಿಗೆ ತಂತಿ ಕಳುಹಿಸಿ, ಗಲಭೆಗಳು ನಾಳೆಯೇ ಮುಗಿಯಬೇಕೆಂದು ಆಜ್ಞಾಪಿಸಿದನು. 26ನೆಯ ಭಾನುವಾರ ಬೆಳಗಾಗುವ ಮುನ್ನ ಊರಿನಲ್ಲಿ ಉಳಿದಿದ್ದ ಬಾಲ್ಷೆವಿಕ್ ಸ್ಥಳೀಯ ಸಮಿತಿಯ ಸದಸ್ಯರೂ ಬಂಧಿತರಾದರು. ಹಗಲು ಸೈನಿಕರು ಸ್ನಾಮೆನ್‌ಸ್ಕಯಾ ಚೌಕದಲ್ಲಿಯೂ ನೆವ್‌ಸ್ಕಿ ರಾಜಬೀದಿಯಲ್ಲಿಯೂ ಗುಂಡು ಹಾರಿಸಿದರು. ಹತ್ತಾರು ಮಂದಿ ಸತ್ತುಬಿದ್ದರು. ಆ ರಾತ್ರಿ ನಗರವು ಶಾಂತವಾಗಿದ್ದಿತು, ದಂಗೆ ಅಡಗಿತೆಂದು ಅಧಿಕಾರಿಗಳು ನಿಟ್ಟುಸಿರುಬಿಟ್ಟರು.

ಗುಂಡು ಹಾರಿಸಿದವರಲ್ಲಿ ವೊಲಿನ್‌ಸ್ಕಿ ದಳದ ತರಬೇತಿ ತುಕಡಿಯವರಿದ್ದರು. ಅಂದು ರಾತ್ರಿ ಬಿಡಾರಕ್ಕೆ ಮರಳಿದ ಮೇಲೆ ಕಿರ್ಪಿಚ್ನಿಕೊವ್ ಎಂಬ ಕೆಳದರ್ಜೆಯ ಸಾರ್ಜೆಂಟನು ತನ್ನ ಜೊತೆಗಾರರನ್ನು ಕೂಡಿಸಿಕೊಂಡು, ನಾಳೆ ಮತ್ತೆ ಜನರ ಮೇಲೆ ಗುಂಡು ಹಾರಿಸಲು ಹೋಗಕೂಡದೆಂದು ಮಾತನಾಡಿದನು, ಅವರು ಒಪ್ಪಿದರು. 27ರ ಬೆಳಗ್ಗೆ ಅವರ ಅಧಿಕಾರಿಯಾದ ಕ್ಯಾಪ್ಟನ್ ಲಷ್ಕೆವಿಚ್ ಬಂದು ಆಜ್ಞೆ ಮಾಡಿದಾಗ ತುಕಡಿಯು ಕದಲಲಿಲ್ಲ. ಆತನು ಹೊರಟುಹೋಗುತ್ತಿದ್ದಾಗ ಹಾರಿದ ಗುಂಡಿಗೆ ಅಂಗಳದಲ್ಲಿ ಬಿದ್ದನು. ಅಧಿಕಾರಿಯ ಕೊಲೆಗೆ ಸೇನೆಯ ಕಾನೂನಿನಲ್ಲಿ ಕ್ಷಮೆಯಿಲ್ಲ. ಒಂದೇ ತುಕಡಿಯಾಗಿ ಉಳಿದರೆ ಎಲ್ಲರಿಗೂ ಮರಣದಂಡನೆ, ಸೈನ್ಯವೆಲ್ಲ ಕೂಡಿಕೊಂಡರೆ ಎಲ್ಲರಿಗೂ ಜೀವದಾನ. ಆದುದರಿಂದಲೇ ಅವರು ಅಡಗಿಕೊಳ್ಳದೆ, ನೆರೆಯ ಪ್ರಿಯೊಬ್ರಜೆನ್‌ಸ್ಕಿ ಮತ್ತು ಲಿತೊವ್‌ಸ್ಕಿ ದಳಗಳ ಬಿಡಾರಗಳಿಗೆ ಓಡಿಹೋಗಿ ಅವರನ್ನೂ ಎಬ್ಬಿಸಿದರು. ಸಂಜೆಯ ಹೊತ್ತಿಗೆ ಅರುವತ್ತು ಸಾವಿರಕ್ಕೂ ಮಿಗಿಲಾದ ಸೈನಿಕರು ಜನರ ಕಡೆಗೆ ಸೇರಿದ್ದರು. ಮಾರ್ಚ್ 2ರಂದು ಪ್ಸ್ಕೊವ್ ಊರಿನಲ್ಲಿ ನಿಂತ ರೈಲುಗಾಡಿಯಲ್ಲಿ ನಿಕೊಲಾಸನು ಸಿಂಹಾಸನವನ್ನು ತ್ಯಜಿಸಿದನು. ಮಹಾಸಾಮ್ರಾಜ್ಯವೊಂದರ ಅಳಿವು ಉಳಿವು ಸಾರ್ಜೆಂಟನೊಬ್ಬನ ಒಂದು ರಾತ್ರಿಯ ಆತ್ಮವೇದನೆಯಲ್ಲಿ ನಿರ್ಣಯವಾದುದನ್ನು ಓದಿದಾಗಲೆಲ್ಲ ನನ್ನ ಮೈ ನವಿರೇಳುತ್ತದೆ.

ಹಾಗಾದರೆ ಇದಕ್ಕೆ ನಾಯಕರೇ ಇರಲಿಲ್ಲವೆ? ಟ್ರಾಟ್‌ಸ್ಕಿಯು ತಾನು ಬರೆದ ರಷ್ಯದ ಕ್ರಾಂತಿಯ ಇತಿಹಾಸದಲ್ಲಿ ಈ ಪ್ರಶ್ನೆಗಾಗಿಯೇ ಒಂದು ಅಧ್ಯಾಯವನ್ನು ಮೀಸಲಾಗಿಟ್ಟು, ಲೆನಿನ್ನನ ಪಕ್ಷದಿಂದ ಬಹುಮಟ್ಟಿಗೆ ಶಿಕ್ಷಣ ಪಡೆದ ಜಾಗೃತ ಕಾರ್ಮಿಕರೇ ಅದನ್ನು ನಡೆಸಿದರೆಂದು ತೀರ್ಮಾನಿಸಿದ್ದಾನೆ. ಆ ಮಾತಿನ ಅರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ. ಬೀದಿಯಲ್ಲಿ ಎಲ್ಲಿ ತಿರುಗಬೇಕು, ಯಾವ ಕಾರ್ಖಾನೆಯ ಬಾಗಿಲನ್ನು ತಟ್ಟಬೇಕು, ಸೈನಿಕನ ಮುಂದೆ ನಿಂತು ಏನು ಹೇಳಬೇಕು ಎಂಬುದನ್ನು ಬಲ್ಲವರು ಪ್ರತಿಯೊಂದು ಗುಂಪಿನಲ್ಲಿಯೂ ಇದ್ದರು. ಹತ್ತು ವರ್ಷಗಳ ಮುಷ್ಕರಗಳೂ ಗುಪ್ತವಾಚನಗಳೂ ಅವರನ್ನು ತಿದ್ದಿದ್ದುವು. ಮುಂದಾಳಿಲ್ಲದ ಕ್ರಾಂತಿಯೆಂದರೆ ಬುದ್ಧಿಯಿಲ್ಲದ ಕ್ರಾಂತಿಯಲ್ಲ. ಬುದ್ಧಿಯು ಒಂದೆಡೆ ಗೋಪುರವಾಗಿ ನಿಲ್ಲದೆ ಸಾವಿರ ಮಂದಿಯಲ್ಲಿ ಹಂಚಿಹೋಗಿದ್ದಿತು. ಆದರೆ ಆ ಹೆಸರಿಲ್ಲದವರೆಲ್ಲರನ್ನೂ ಒಂದೇ ಪಕ್ಷದ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವಲ್ಲ. ಅವರಲ್ಲಿ ಬೇರೆ ಸಮಾಜವಾದೀ ಪಕ್ಷಗಳ ಮೆನ್ಷೆವಿಕರಿದ್ದರು, ಸಮಾಜವಾದೀ ಕ್ರಾಂತಿಕಾರರಿದ್ದರು, ಯಾವ ಪಕ್ಷಕ್ಕೂ ಸೇರದವರು ಬಹುಸಂಖ್ಯೆಯಲ್ಲಿದ್ದರು. ನಗರದಲ್ಲಿದ್ದ ಬಾಲ್ಷೆವಿಕ್ ಪ್ರಮುಖ ಷ್ಲ್ಯಾಪ್ನಿಕೊವ್‌ನು ಕಾರ್ಮಿಕರ ಕೈಗೆ ಆಯುಧ ಕೊಡಲು ಒಪ್ಪಿರಲಿಲ್ಲ. ಜರ್ಮನ್ ಹಣ, ಬ್ರಿಟಿಷ್ ರಾಯಭಾರಿಯ ಸಂಚು ಎಂದು ಅನಂತರ ಎದ್ದ ಕಥೆಗಳ ವಿಚಾರದಲ್ಲಿ ಇಷ್ಟೇ ಸಾಕು: ಬಡ ಹೆಂಗಸರಿಗೆ ಸ್ವಂತ ಬುದ್ಧಿಯಿರಬಹುದೆಂದು ಒಪ್ಪಲಾರದವರಿಗೆ ಅವು ಬೇಕಾಗಿದ್ದುವು.

ನಾಯಕನಿಲ್ಲದಿದ್ದರೆ ಅವನು ಮಾಡಬೇಕಾದ ಒಂದು ಕೆಲಸವನ್ನು ಮಾತ್ರ ಬೇರೊಂದು ಸಂಗತಿ ಮಾಡಲೇಬೇಕಾಗುತ್ತದೆ. ಎಂದು ಸೇರಬೇಕು, ಎಲ್ಲಿ ಸೇರಬೇಕು ಎಂಬುದನ್ನು ಯಾರು ಹೇಳಬೇಕು? ಪೆಟ್ರೊಗ್ರಾಡಿನಲ್ಲಿ ಅದನ್ನು ಪಂಚಾಂಗದಲ್ಲಿದ್ದ ಮಹಿಳಾ ದಿನವೂ, ಪ್ರತಿಭಟನೆಯೆಂದರೆ ನೆವ್‌ಸ್ಕಿ ಬೀದಿಗೆ ಹೋಗುವುದೆಂಬ ಹಳೆಯ ರೂಢಿಯೂ ಹೇಳಿದುವು. 1989ರ ಶರತ್ಕಾಲದಲ್ಲಿ ಪೂರ್ವ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಇದೇ ವಿಷಯವು ಇನ್ನೂ ಸ್ಫುಟವಾಗಿ ಕಾಣುತ್ತದೆ. ಷ್ಟಾಸಿ ಎಂಬ ಅಲ್ಲಿನ ಗುಪ್ತ ಪೊಲೀಸು ಇಲಾಖೆಯಲ್ಲಿ ಸುಮಾರು 90,000 ನೌಕರರಿದ್ದರು. ಹೊಸದಾಗಿ ಹುಟ್ಟಿದ ನಾಗರಿಕರ ವೇದಿಕೆಗೆ ಸರ್ಕಾರವು ಆಗ ಮನ್ನಣೆಯನ್ನೇ ಕೊಟ್ಟಿರಲಿಲ್ಲ. ಆದರೆ ಸೇಂಟ್ ನಿಕೊಲಾಯ್ ಚರ್ಚಿನಲ್ಲಿ 1980ರ ದಶಕದ ಆರಂಭದಿಂದಲೂ ಪ್ರತಿ ಸೋಮವಾರ ಸಂಜೆ 5 ಗಂಟೆಗೆ ಶಾಂತಿಪ್ರಾರ್ಥನೆ ನಡೆಯುತ್ತಿದ್ದಿತು, ಮುಗಿದ ಮೇಲೆ ಜನರು ಹೊರಗಿನ ಅಂಗಳದಲ್ಲಿ ಸೇರುವರೆಂಬುದು ಊರಿಗೆಲ್ಲ ಗೊತ್ತಿದ್ದಿತು. ಕರೆಯೋಲೆ ಬೇಕಾಗಲಿಲ್ಲ. ಅಕ್ಟೋಬರ್ 9ರ ಸೋಮವಾರ, ಆಸ್ಪತ್ರೆಗಳಲ್ಲಿ ಗಾಯಾಳುಗಳಿಗೆಂದು ಹಾಸಿಗೆಗಳನ್ನು ಸಿದ್ಧಪಡಿಸಿದ್ದಾರೆಂಬ ವದಂತಿಯ ನಡುವೆಯೂ, ಸುಮಾರು 70,000 ಮಂದಿ ಆ ಊರಿನ ವರ್ತುಲ ರಸ್ತೆಯಲ್ಲಿ ನಡೆದರು, ಗುಂಡು ಹಾರಲಿಲ್ಲ. ಒಂದು ತಿಂಗಳ ಮೇಲೆ ಬರ್ಲಿನ್ನಿನ ಗೋಡೆಯ ದ್ವಾರಗಳು ತೆರೆದುವು.

ನಮ್ಮ ದೇಶದ 1942ರ ಚಳುವಳಿಯನ್ನೂ ಇದೇ ಬೆಳಕಿನಲ್ಲಿ ನೋಡತಕ್ಕುದು. ಆಗಸ್ಟ್ 8ರ ರಾತ್ರಿ ಮುಂಬಯಿಯ ಗೊವಾಲಿಯಾ ಕೆರೆ ಮೈದಾನದಲ್ಲಿ ಕಾಂಗ್ರೆಸ್ಸಿನ ಚಲೇಜಾವ್ ನಿರ್ಣಯವು ಅಂಗೀಕೃತವಾಯಿತು. 9ರ ಬೆಳಗಿನ ಜಾವವೇ ಬಂಧಿಸಿ, ಗಾಂಧೀಜಿಯವರನ್ನು ಪುಣೆಯ ಆಗಾಖಾನ್ ಅರಮನೆಗೂ ಕಾರ್ಯಸಮಿತಿಯ ಸದಸ್ಯರನ್ನು ಅಹಮದ್‌ನಗರದ ಕೋಟೆಗೂ ಸರ್ಕಾರವು ಸಾಗಿಸಿಬಿಟ್ಟಿತು. ಆದೇಶಗಳನ್ನು ಕಳುಹಿಸುವುದಾಗಲಿ, ಅವು ಜನರನ್ನು ತಲುಪುವುದಾಗಲಿ ಸಾಧ್ಯವಾಗದ ಕಾಲ ಬರಬಹುದೆಂದೂ, ಆಗ ಚಳುವಳಿಯಲ್ಲಿ ಪಾಲುಗೊಂಡ ಪ್ರತಿಯೊಬ್ಬ ಪುರುಷನೂ ಸ್ತ್ರೀಯೂ ಸಾಮಾನ್ಯ ನಿರ್ದೇಶನಗಳ ಎಲ್ಲೆಯೊಳಗೆ ತಾನೇ ನಿರ್ಧರಿಸಿ ನಡೆಯಬೇಕೆಂದೂ ಆ ನಿರ್ಣಯದಲ್ಲಿಯೇ ಮುಂದಾಗಿ ಬರೆದಿದ್ದಿತು. ಪೆಟ್ರೊಗ್ರಾಡಿನವರಿಗೆ ಇಲ್ಲದಿದ್ದ ಒಂದು ಭಾಗ್ಯ ನಮ್ಮವರಿಗಿದ್ದುದು ಇದು: ಮುಂದಾಳುಗಳು ತಮ್ಮ ಅನುಪಸ್ಥಿತಿಯನ್ನು ತಾವೇ ಕಂಡು, ಅಧಿಕಾರವನ್ನು ಹೆಸರಿಲ್ಲದವರಿಗೆ ಒಪ್ಪಿಸಿ ಹೋದರು. ಅದನ್ನು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರೆಂಬ ಸಣ್ಣ ಹಳ್ಳಿಯವರು ಅಕ್ಷರಶಃ ನಡೆಸಿದರು. ಗ್ರಾಮವು ಸ್ವತಂತ್ರವೆಂದು ಸಾರಿ, ಧ್ವಜವನ್ನೇರಿಸಿ, ತಮ್ಮದೇ ಸರ್ಕಾರವನ್ನು ಕಟ್ಟಿಕೊಂಡರು. ಆದರೆ ಸೆಪ್ಟೆಂಬರಿನಲ್ಲಿ ಅಧಿಕಾರಿಗಳು ಊರೊಳಗೆ ಬಂದಾಗ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸು ಅಧಿಕಾರಿಯೊಬ್ಬರೂ ಹತರಾದರು. ಸೇನೆಯು ಬಂದು ಊರನ್ನು ಹಾಳುಗೆಡಹಿತು. 1943ರಲ್ಲಿ ಈಸೂರಿನ ಐವರು ಗಲ್ಲಿಗೇರಿದರು. ಅಹಿಂಸೆಯ ಎಲ್ಲೆಯನ್ನು ಆ ಕ್ಷಣದಲ್ಲಿ ನೆನಪಿಸಿ ಕೈ ತಡೆಯಬಲ್ಲವರು ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದರು. ನಾಯಕರನ್ನು ಮುಂಚೆಯೇ ಬಂಧಿಸಿದರೆ ಚಳುವಳಿಯು ಮೃದುವಾಗುವುದೆಂದು ಆಳುವವರು ಎಣಿಸುತ್ತಾರೆ; ಈ ಎಣಿಕೆಯು ಎಷ್ಟು ಕ್ರೂರವಾದ ತಪ್ಪೆಂಬುದನ್ನು ಈಸೂರಿನ ಕಥೆಯಿಂದ ಕಲಿಯಬೇಕು.

ಮುಂದಾಳಿಲ್ಲದೆ ಮೊದಲಾಗುವುದಕ್ಕೆ ತೆರಬೇಕಾದ ಬೆಲೆ ಇಷ್ಟಕ್ಕೇ ಮುಗಿಯುವುದಿಲ್ಲ. ಕೂಡಿದ ಜನಸ್ತೋಮವು ಬೇಡವೆನ್ನುವುದನ್ನು ಸಿಡಿಲಿನಂತೆ ಹೇಳಬಲ್ಲುದು. ಬೇಕೆನ್ನುವುದನ್ನು ಹೇಳಲು ಕುಳಿತು ಮಾತನಾಡುವ ಸಭೆ ಬೇಕು, ಬರೆಯುವ ಕೈ ಬೇಕು. ಫೆಬ್ರವರಿ 27ರಂದು ಪೆಟ್ರೊಗ್ರಾಡಿನ ಜನರು ಸೆರೆಮನೆಯ ಬಾಗಿಲುಗಳನ್ನು ಒಡೆದಾಗ ಹೊರಬಂದವರಲ್ಲಿ, ಜನವರಿಯಲ್ಲಿ ಬಂಧಿತರಾಗಿದ್ದ ಆ ಸೌಮ್ಯವಾದಿ ಕಾರ್ಮಿಕ ಪ್ರತಿನಿಧಿಗಳಿದ್ದರು. ಅವರು ನೇರವಾಗಿ ಡೂಮಾ ಕೂಡುತ್ತಿದ್ದ ಟೌರೀಡ್ ಅರಮನೆಗೆ ಹೋಗಿ, 1905ರ ಮಾದರಿಯನ್ನು ನೆನೆದು, ಅದೇ ಸಂಜೆ ಕಾರ್ಮಿಕ ಪ್ರತಿನಿಧಿಗಳ ಸೋವಿಯೆತ್ತನ್ನು, ಎಂದರೆ ಮಂಡಳಿಯನ್ನು, ಕೂಡಿಸಿದರು. ನಾಯಕರು ಜನರನ್ನು ಬಿಡಿಸಲಿಲ್ಲ, ಜನರು ನಾಯಕರನ್ನು ಬಿಡಿಸಿದರು. ಅದೇ ಕಟ್ಟಡದ ಇನ್ನೊಂದು ಭಾಗದಲ್ಲಿ ಡೂಮಾದ ಶ್ರೀಮಂತ ಸದಸ್ಯರು ತಾತ್ಕಾಲಿಕ ಸಮಿತಿಯನ್ನು ಮಾಡಿಕೊಂಡರು. ಬೀದಿಯಲ್ಲಿ ರಕ್ತ ಸುರಿಸಿದವರ ಕೈಯಿಂದ ಅಧಿಕಾರವು ಹೀಗೆ ಒಂದೇ ಮಾಡಿನ ಕೆಳಗಿನ ಎರಡು ಕೊಠಡಿಗಳಿಗೆ ಹಂಚಿಹೋಗಿ, ಸೋವಿಯೆತ್ತಿಗೆ ಜನರ ವಿಶ್ವಾಸವಿದ್ದರೂ ಆಳುವ ಇಚ್ಛೆಯಿಲ್ಲದೆ, ಆ ಸಮಿತಿಯಿಂದ ಹುಟ್ಟಿದ ಪ್ರಿನ್ಸ್ ಲ್ವೊವ್‌ನ ತಾತ್ಕಾಲಿಕ ಸರ್ಕಾರಕ್ಕೆ ಆಳುವ ಇಚ್ಛೆಯಿದ್ದರೂ ಜನರ ವಿಶ್ವಾಸವಿಲ್ಲದೆ, ಯುದ್ಧವೂ ಭೂಮಿಯ ಪ್ರಶ್ನೆಯೂ ತೀರದೆ ಉಳಿದುವು. ಆ ಶೂನ್ಯವನ್ನು ಎಂಟು ತಿಂಗಳ ಮೇಲೆ ತುಂಬಿದ ಬಾಲ್ಷೆವಿಕರು ಮುಂದಾಳಿನ ಕೊರತೆಯಿಲ್ಲದವರು.

ಮಹಿಳಾ ದಿನದಂದು ಮೊದಲು ಬೀದಿಗಿಳಿದವರಿಗೆ ಹೊಸ ಸರ್ಕಾರವು ಕೊಟ್ಟ ಆಶ್ವಾಸನೆಗಳಲ್ಲಿ ಸ್ತ್ರೀಯರ ಮತಾಧಿಕಾರವು ಸ್ಪಷ್ಟವಾಗಿ ಇರಲಿಲ್ಲ. ಆದುದರಿಂದ ಮಾರ್ಚ್ ತಿಂಗಳಲ್ಲಿಯೇ ಸುಮಾರು 40,000 ಮಹಿಳೆಯರು ಮತ್ತೆ ಮೆರವಣಿಗೆ ಹೊರಟರು. ಈ ಸಲ ಅದಕ್ಕೆ ಸಂಘವಿದ್ದಿತು, ಪತಾಕೆಗಳಿದ್ದುವು, ಲಿಖಿತವಾದ ಬೇಡಿಕೆಯಿದ್ದಿತು. ವೈದ್ಯೆಯಾದ ಷಿಷ್ಕಿನಾ ಯಾವೇಯಿನಾ ಅದನ್ನು ನಡೆಸಿದರು, ಇಪ್ಪತ್ತು ವರ್ಷ ಕೋಟೆಯ ಸೆರೆಯಲ್ಲಿ ಕಳೆದಿದ್ದ ವೃದ್ಧ ಕ್ರಾಂತಿಕಾರಿಣಿ ವೀರಾ ಫಿಗ್ನರ್ ಮುಂಭಾಗದಲ್ಲಿದ್ದರು. ಅವರು ಟೌರೀಡ್ ಅರಮನೆಯ ಮುಂದೆ ನಿಂತು, ಎರಡು ಕೊಠಡಿಗಳವರೂ ಹೊರಬಂದು ಉತ್ತರ ಕೊಡುವವರೆಗೆ ಕದಲಲಿಲ್ಲ. ಮತಾಧಿಕಾರದ ಶಾಸನವು ಜುಲೈಯಲ್ಲಿ ಹೊರಬಿದ್ದಿತು.